ಸಿಂಗಪುರದಿಂದ ನ್ಯೂಯಾರ್ಕ್‌ಗೆ ನಿಜವಾಗಿ ಎಷ್ಟು ಗಂಟೆ? ಅಪ್ಪನ ಮಾತ್ರೆಯ ಲೆಕ್ಕ ಕೂಡುತ್ತಿಲ್ಲ

ಸಿಂಗಪುರದ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಜೂನ್ 10ರಂದು ಅಪ್ಪನನ್ನು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ನಡುವೆ ಎಲ್ಲಿಯೂ ಇಳಿಯದ ನೇರ ವಿಮಾನ. ಅಕ್ಕನ ಮನೆಯಲ್ಲಿ ಐದು ತಿಂಗಳು ಇದ್ದು ನವೆಂಬರ್ 12ಕ್ಕೆ ಹಿಂದಿರುಗುವುದು.

ಅಪ್ಪನಿಗೆ ಎಪ್ಪತ್ತನಾಲ್ಕು ವರ್ಷ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಂಗಳದಲ್ಲಿ ಮೂರ್ಛೆ ಬಂದು ಬಿದ್ದರು. ಅಂದಿನಿಂದ ಬೆಳಿಗ್ಗೆ ಎಂಟಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು ಮಾತ್ರೆ. ಎರಡೂ ಹೊತ್ತಿಗೆ ಅದೇ ಮಾತ್ರೆ, ಅದೇ ಪ್ರಮಾಣ. ಆಮೇಲೆ ಮೂರ್ಛೆ ಬಂದಿಲ್ಲ. ವೈದ್ಯರನ್ನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: ಎಲ್ಲಿಗಾದರೂ ಹೋಗಿ, ಹನ್ನೆರಡು ಗಂಟೆಯ ಅಂತರ ಕಾಯ್ದುಕೊಳ್ಳಿ. ಹೀಗಾಗಿ ಪ್ರಯಾಣದ ನಿಜವಾದ ಅವಧಿ ನನಗೆ ಗೊತ್ತಾಗಲೇಬೇಕು.

ಆದರೆ ಹುಡುಕಿದಷ್ಟೂ ಗೊಂದಲ ಹೆಚ್ಚುತ್ತಿದೆ. ದೂರ ಹೇಳುವ ಒಂದು ಜಾಲತಾಣ 15,340 ಕಿ.ಮೀ. ಎನ್ನುತ್ತದೆ, ಇನ್ನೊಂದು 15,349 ಎನ್ನುತ್ತದೆ. ಮೊದಲನೆಯದು ಹಾರಾಟಕ್ಕೆ 17 ಗಂಟೆ 33 ನಿಮಿಷ ಸಾಕು ಎಂದರೆ ಎರಡನೆಯದು 19 ಗಂಟೆ 34 ನಿಮಿಷ ಬೇಕು ಎನ್ನುತ್ತದೆ. ಒಂಬತ್ತು ಕಿ.ಮೀ. ವ್ಯತ್ಯಾಸಕ್ಕೆ ಎರಡು ಗಂಟೆ ಹೇಗೆ ಹೆಚ್ಚಾಯಿತು?

ಟಿಕೆಟ್ ನೋಡಿದರೆ ಬೇರೆಯೇ ಕಥೆ. ಹೋಗುವಾಗ ಜೂನ್ 10ರ 00:10ಕ್ಕೆ ಹೊರಟು ಅದೇ ಜೂನ್ 10ರ ಬೆಳಿಗ್ಗೆ 06:55ಕ್ಕೆ ತಲುಪುತ್ತದಂತೆ. ಆರೂ ಮುಕ್ಕಾಲು ಗಂಟೆ. ಬರುವಾಗ ನವೆಂಬರ್ 12ರ ರಾತ್ರಿ 22:30ಕ್ಕೆ ಹೊರಟು ನವೆಂಬರ್ 14ರ ಬೆಳಿಗ್ಗೆ 06:20ಕ್ಕೆ ತಲುಪುತ್ತದೆ. ಅದು ಮೂವತ್ತೊಂದು ಗಂಟೆ ಐವತ್ತು ನಿಮಿಷ. ಸ್ಥಳೀಯ ಸಮಯದ ಆಟ ಇದು ಎಂಬಷ್ಟು ನನಗೂ ತಿಳಿಯುತ್ತದೆ. ಆದರೆ ಕಾಗದ ಹಿಡಿದು ಕೂತರೆ ಕೂಡುವುದೋ ಕಳೆಯುವುದೋ ಎಂದು ಪ್ರತಿಸಲವೂ ತಪ್ಪುತ್ತಿದ್ದೇನೆ.

ಅಪ್ಪ ಕಟ್ಟುವುದು ಕೀಲಿ ಕೊಡುವ ಹಳೆಯ ಮುಳ್ಳಿನ ಗಡಿಯಾರ. ಮೊಬೈಲ್ ನೋಡಿ ಮಾತ್ರೆ ತೆಗೆದುಕೊಳ್ಳುವ ಅಭ್ಯಾಸ ಅವರಿಗಿಲ್ಲ. ವಿಮಾನದಲ್ಲಿ ಯಾವಾಗ ಮಾತ್ರೆ ಕೊಡಲಿ, ಇಳಿದ ಮೇಲೆ ಯಾವಾಗ ಕೊಡಲಿ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.


ಲೆಕ್ಕದ ಮೇಷ್ಟ್ರು

ಆ ಜಾಲತಾಣಗಳ ಗುಟ್ಟು ಸುಲಭ. ವಿಮಾನ ಹೇಗೆ ಹಾರುತ್ತದೆ ಎಂಬುದು ಅವಕ್ಕೆ ಗೊತ್ತಿಲ್ಲ. ದೂರವನ್ನು ಯಾವುದೋ ಒಂದು ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಇರಲಿ ಎಂದು ಅರ್ಧ ಗಂಟೆ ಸೇರಿಸುತ್ತವೆ. ನಿಮ್ಮ ಮೊದಲ ತಾಣ ಗಂಟೆಗೆ 900 ಕಿ.ಮೀ. ಹಿಡಿದಿದೆ: 17 ಗಂಟೆ 3 ನಿಮಿಷ ಬರುತ್ತದೆ, ಅದಕ್ಕೆ ಮೂವತ್ತು ನಿಮಿಷ. ಎರಡನೆಯದು ಗಂಟೆಗೆ 500 ಮೈಲಿ, ಅಂದರೆ ಸುಮಾರು 805 ಕಿ.ಮೀ. ಹಿಡಿದಿದೆ. ಭಾಗಿಸಿ ನೋಡಿ, 19 ಗಂಟೆ 4 ನಿಮಿಷ, ಮತ್ತೆ ಮೂವತ್ತು. ಎರಡು ಗಂಟೆ ಬಂದದ್ದು ಹೀಗೆ.

ನಿಜವಾದ ಅವಧಿಗೆ ನನ್ನದೊಂದು ಉಪಾಯ ಇದೆ. ಹೋಗುವಾಗಿನ ಗಡಿಯಾರದ ಅಂತರವನ್ನೂ ಬರುವಾಗಿನದನ್ನೂ ಕೂಡಿಸಿ ಅರ್ಧ ಮಾಡಿ. ಸಮಯವಲಯದ ವ್ಯತ್ಯಾಸ ಒಂದು ಕಡೆ ಕಳೆದು, ಇನ್ನೊಂದು ಕಡೆ ಕೂಡಿ, ತಾನಾಗಿ ವಜಾ ಆಗುತ್ತದೆ. 6:45 ಮತ್ತು 31:50 ಕೂಡಿದರೆ 38:35. ಅರ್ಧ 19 ಗಂಟೆ 17 ನಿಮಿಷ. ಅಷ್ಟೇ ಹಾರಾಟ.


ಹಳೆಯ ಡಿಸ್ಪ್ಯಾಚರ್

ಮೂವತ್ತೊಂದು ವರ್ಷ ನಾನು ವಿಮಾನಗಳ ಹಾರಾಟದ ಯೋಜನೆ ಬರೆಯುವ ಕೆಲಸದಲ್ಲಿದ್ದೆ. ಪೈಲಟ್ ವಿಮಾನ ಹತ್ತುವ ಮೊದಲು ಅಂದಿನ ದಾರಿ, ಗಾಳಿ, ಇಂಧನ ಎಲ್ಲವನ್ನೂ ಲೆಕ್ಕ ಹಾಕಿ ಕೊಡುವವನು ಡಿಸ್ಪ್ಯಾಚರ್. ಈ ಪ್ರಶ್ನೆ ನನಗೆ ತುಂಬ ಹತ್ತಿರದ್ದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲು ಮೇಷ್ಟ್ರ ಉಪಾಯದಲ್ಲಿ ಒಂದು ತಿದ್ದುಪಡಿ. ಉಪಾಯ ಚೆನ್ನಾಗಿದೆ, ನಾವೂ ಅದನ್ನು ಬಳಸುತ್ತಿದ್ದೆವು. ಆದರೆ ಹೋಗುವಾಗಲೂ ಬರುವಾಗಲೂ ಸಮಯದ ಅಂತರ ಒಂದೇ ಆಗಿರಬೇಕು. ಯುಟಿಸಿ ಎಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ. ಸಿಂಗಪುರ ವರ್ಷವಿಡೀ ಅದಕ್ಕಿಂತ ಎಂಟು ಗಂಟೆ ಮುಂದೆ. ನ್ಯೂಯಾರ್ಕ್ ಹಾಗಲ್ಲ. ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಯುಟಿಸಿಗಿಂತ ನಾಲ್ಕು ಗಂಟೆ ಹಿಂದೆ, ಉಳಿದ ಕಾಲದಲ್ಲಿ ಐದು ಗಂಟೆ ಹಿಂದೆ. ಜೂನ್‌ನಲ್ಲಿ ಎರಡು ಊರುಗಳ ಅಂತರ ಹನ್ನೆರಡು ಗಂಟೆ, ನವೆಂಬರ್ 12ಕ್ಕೆ ಹದಿಮೂರು. ಆ ಒಂದು ಗಂಟೆಯ ಅರ್ಧ, ಮೂವತ್ತು ನಿಮಿಷ, ಮೇಷ್ಟ್ರ ಉತ್ತರದಲ್ಲಿ ಹೆಚ್ಚಾಗಿ ಸೇರಿಕೊಂಡಿದೆ.

ತಪ್ಪಾಗದ ದಾರಿ ಒಂದಿದೆ. ಎರಡೂ ಸಮಯಗಳನ್ನು ಯುಟಿಸಿಗೆ ತನ್ನಿ. ಸಿಂಗಪುರದ ಜೂನ್ 10, 00:10 ಎಂದರೆ ಎಂಟು ಗಂಟೆ ಕಳೆದು ಜೂನ್ 9ರ 16:10. ನ್ಯೂಯಾರ್ಕ್‌ನ ಜೂನ್ 10, 06:55 ಎಂದರೆ ನಾಲ್ಕು ಗಂಟೆ ಕೂಡಿಸಿ ಜೂನ್ 10ರ 10:55. ನಡುವೆ 18 ಗಂಟೆ 45 ನಿಮಿಷ. ಹಾಗೆಯೇ ಬರುವ ಪ್ರಯಾಣ 18 ಗಂಟೆ 50 ನಿಮಿಷ. ನಾವು ಮೂರು ದಶಕ ಗೋಡೆಯ ಮೇಲೆ ಯುಟಿಸಿ ಗಡಿಯಾರ ಒಂದನ್ನೇ ನೋಡುತ್ತ ಕೆಲಸ ಮಾಡಿದೆವು. ಆ ಕೋಣೆಯಲ್ಲಿ ಹಗಲು ರಾತ್ರಿಗಳಿಗೆ ಬೆಲೆ ಇರಲಿಲ್ಲ.

ಇನ್ನು ದೂರ. ನನ್ನ ಮೇಜಿನ ಮೇಲೆ ಒಂದು ಹಳೆಯ ಭೂಗೋಳವಿದೆ. ಸಿಂಗಪುರದ ಜಾಗದಲ್ಲಿ ಬಣ್ಣ ಸವೆದು ಬಿಳಿ ಚುಕ್ಕೆಯಾಗಿದೆ, ಅಲ್ಲಿ ದಾರ ಒತ್ತಿ ಹಿಡಿದು ಹಿಡಿದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನು ಮೊದಲ ದಿನ ಕೊಡುತ್ತಿದ್ದ ಪಾಠ ಅದು: ಸಿಂಗಪುರದಿಂದ ನ್ಯೂಯಾರ್ಕ್‌ಗೆ ದಾರ ಎಳೆ, ಬಿಗಿ ಮಾಡು. ಎಲ್ಲರೂ ಪೂರ್ವಕ್ಕೋ ಪಶ್ಚಿಮಕ್ಕೋ ಎಳೆಯುತ್ತಿದ್ದರು. ಬಿಗಿ ಮಾಡಿದಾಗ ದಾರ ಜಾರಿ ಜಾರಿ ಮೇಲಕ್ಕೆ ಹೋಗಿ ಉತ್ತರ ಧ್ರುವದ ಪಕ್ಕದಲ್ಲಿ ನಿಲ್ಲುತ್ತಿತ್ತು. ಹುಡುಗರ ಕಣ್ಣು ಅರಳುವುದನ್ನು ನೋಡುವುದೇ ಒಂದು ಸಂತೋಷ.

ಕಾರಣ ಹೀಗೆ. ಸಿಂಗಪುರ ಸುಮಾರು 104 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ನ್ಯೂಯಾರ್ಕ್ ಸುಮಾರು 74 ಡಿಗ್ರಿ ಪಶ್ಚಿಮದಲ್ಲಿ. ಕೂಡಿದರೆ 178, ಹೆಚ್ಚುಕಡಿಮೆ ಭೂಮಿಯ ಎದುರುಬದುರು ಬದಿಗಳು. ಹಾಗಿದ್ದಾಗ ಅತಿ ಹತ್ತಿರದ ದಾರಿ ಧ್ರುವದ ಮೇಲಿನದೇ. ಇದರಿಂದ ದೂರದ ಲೆಕ್ಕ ಎಷ್ಟು ಹಗುರವಾಗುತ್ತದೆ ನೋಡಿ. ಚಾಂಗಿಯ ಅಕ್ಷಾಂಶ 1.36 ಡಿಗ್ರಿ ಉತ್ತರ, ಕೆನಡಿ ನಿಲ್ದಾಣದ್ದು 40.64. ಎರಡನ್ನೂ 180ರಿಂದ ಕಳೆದರೆ ಸರಿಯಾಗಿ 138 ಡಿಗ್ರಿ. ಒಂದು ಡಿಗ್ರಿಗೆ ಅರವತ್ತು ನಾಟಿಕಲ್ ಮೈಲಿ, ಅಂದರೆ 8,280 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಗುಣಿಸಿದರೆ ಸುಮಾರು 15,335 ಕಿ.ಮೀ. ಕಂಪ್ಯೂಟರ್ ಹೇಳುವ 15,349ಕ್ಕೂ ಕೈಯಲ್ಲಿ ಮಾಡಿದ ಈ ಲೆಕ್ಕಕ್ಕೂ ಹದಿನೈದು ಕಿ.ಮೀ. ಕೂಡ ವ್ಯತ್ಯಾಸವಿಲ್ಲ.

ನಿಮ್ಮ 15,340 ಮತ್ತು 15,349ರ ಜಗಳಕ್ಕೆ ಉತ್ತರವೂ ಇಲ್ಲಿಯೇ ಇದೆ. ಮೊದಲ ತಾಣ ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ನುಣುಪಾದ ಗೋಳ ಎಂದು ಹಿಡಿಯುತ್ತದೆ. ಎರಡನೆಯದು ಭೂಮಿಯ ನಿಜರೂಪಕ್ಕೆ ಹತ್ತಿರವಾಗಿ ಲೆಕ್ಕ ಹಾಕುತ್ತದೆ. ಭೂಮಿಯ ತ್ರಿಜ್ಯ ಸಮಭಾಜಕದಲ್ಲಿ 6,378 ಕಿ.ಮೀ., ಧ್ರುವಗಳಲ್ಲಿ 6,357. ಇಪ್ಪತ್ತೊಂದು ಕಿ.ಮೀ.ಯಷ್ಟು ಚಪ್ಪಟೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ 15,349 ಕಿ.ಮೀ.ಯ ದಾರಿಯಲ್ಲಿ ನಿಮ್ಮ ವಿಮಾನ ಹೋಗುವುದಿಲ್ಲ. ಬಿಗಿದ ದಾರ ಚೀನಾ, ಮಂಗೋಲಿಯಾ, ಸೈಬೀರಿಯಾ ದಾಟಿ ಧ್ರುವದಿಂದ ಮುನ್ನೂರು ಕಿ.ಮೀ.ಗೂ ಕಡಿಮೆ ದೂರದಲ್ಲಿ ಹಾದು ಕೆನಡಾದ ಮೇಲಿಂದ ಇಳಿಯುತ್ತದೆ. 2022ರಿಂದೀಚೆಗೆ ಎಷ್ಟೋ ವಿಮಾನ ಸಂಸ್ಥೆಗಳು ರಷ್ಯಾದ ಆಕಾಶವನ್ನು ಬಿಟ್ಟು ಸುತ್ತಿ ಹೋಗುತ್ತಿವೆ. ಅದಕ್ಕೂ ಮೊದಲೇ ಇನ್ನೊಂದು ದೊಡ್ಡ ಕಾರಣವಿತ್ತು: ಗಾಳಿ.

ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಎಂದು ನೀವು ಓದಿರುತ್ತೀರಿ. ಬೇಸಿಗೆಯಲ್ಲಿ ಸೊರಗಿರುತ್ತದೆ, ಚಳಿಗಾಲದಲ್ಲಿ ಉಕ್ಕಿ ಬರುತ್ತದೆ. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನಿಮ್ಮ ಇದೇ ಕೆನಡಿ ನಿಲ್ದಾಣದಿಂದ ಹೊರಟು ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಮುಟ್ಟಿತು. ಅಂದು ಅಟ್ಲಾಂಟಿಕ್ ಮೇಲೆ ಚಂಡಮಾರುತವಿತ್ತು, ವಿಮಾನ ಆ ಗಾಳಿಯ ಬೆನ್ನೇರಿತ್ತು. ಎಂಜಿನ್ ಎಂದಿನಂತೆಯೇ ದುಡಿದಿತ್ತು.

ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. ವಿಮಾನದ ಸ್ವಂತ ವೇಗ ಗಂಟೆಗೆ 900 ಕಿ.ಮೀ. ಇರಲಿ. ಹತ್ತಿರದ ದಾರಿಯಲ್ಲಿ ಸರಾಸರಿ 60 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ 840. 15,349 ಕಿ.ಮೀ.ಗೆ 18 ಗಂಟೆ 16 ನಿಮಿಷ. ಸುತ್ತಿ ಹೋಗುವ 16,200 ಕಿ.ಮೀ. ದಾರಿಯಲ್ಲಿ 50 ಕಿ.ಮೀ. ಬೆನ್ನುಗಾಳಿ ಸಿಕ್ಕರೆ ವೇಗ 950, ಸಮಯ 17 ಗಂಟೆ 3 ನಿಮಿಷ. ಎಂಟುನೂರೈವತ್ತು ಕಿ.ಮೀ. ಹೆಚ್ಚು ಹಾರಿ ಒಂದು ಗಂಟೆಗೂ ಮೊದಲೇ ತಲುಪಿದಿರಿ. ಡಿಸ್ಪ್ಯಾಚರನ ಇಡೀ ವೃತ್ತಿ ಈ ಎರಡು ಸಾಲಿನಲ್ಲಿದೆ. ನಾವು ನೆಲದ ಮೇಲಿನ ಕಿಲೋಮೀಟರನ್ನು ಉಳಿಸುತ್ತಿರಲಿಲ್ಲ, ಗಾಳಿಯಲ್ಲಿ ಕಳೆಯುವ ನಿಮಿಷಗಳನ್ನು ಉಳಿಸುತ್ತಿದ್ದೆವು.

ಆದ್ದರಿಂದ ಸಿಂಗಪುರದಿಂದ ಹೊರಟ ವಿಮಾನ ಹಲವು ದಿನ ಜಪಾನಿನ ಕಡೆ ತಿರುಗಿ, ಉತ್ತರ ಪೆಸಿಫಿಕ್ ದಾಟಿ, ಅಲಾಸ್ಕಾ ಕೊಲ್ಲಿಯ ಬಳಿ ಹಾದು, ಕೆನಡಾದ ಮೇಲಿಂದ ನ್ಯೂಯಾರ್ಕ್ ಸೇರುತ್ತದೆ. ಹದಿನಾರು ಸಾವಿರ ಕಿ.ಮೀ. ಮೀರುವ ದಿನಗಳುಂಟು. ದಾರಿ ದಿನಾ ಬದಲಾಗುತ್ತದೆ, ಏಕೆಂದರೆ ಗಾಳಿ ದಿನಾ ಬದಲಾಗುತ್ತದೆ.

ಟಿಕೆಟ್‌ನ 18 ಗಂಟೆ 45 ನಿಮಿಷ ಪೂರ್ತಿ ಹಾರಾಟವೂ ಅಲ್ಲ. ಬಾಗಿಲು ಮುಚ್ಚಿ ಚಕ್ರದ ತಡೆ ತೆಗೆದ ಕ್ಷಣದಿಂದ, ಆ ಕಡೆ ನಿಂತು ಮತ್ತೆ ತಡೆ ಇಡುವವರೆಗಿನ ಸಮಯ ಅದು. ನಮ್ಮ ಭಾಷೆಯಲ್ಲಿ ಬ್ಲಾಕ್ ಟೈಮ್. ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು, ಗಾಳಿ ಕೈಕೊಟ್ಟರೆ ಇರಲಿ ಎಂದು ಇಟ್ಟ ನಿಮಿಷಗಳು ಎಲ್ಲವೂ ಅದರೊಳಗಿವೆ. ನನ್ನದೊಂದು ಕೋರಿಕೆ. ಪ್ರಯಾಣದ ದಿನ ನಾಲ್ಕು ಸಮಯ ಬರೆದಿಟ್ಟುಕೊಳ್ಳಿ: ವಿಮಾನ ಜಾಗ ಬಿಟ್ಟದ್ದು, ನೆಲ ಬಿಟ್ಟದ್ದು, ನೆಲ ಮುಟ್ಟಿದ್ದು, ಬಾಗಿಲ ಬಳಿ ನಿಂತದ್ದು. ಔಟ್, ಆಫ್, ಆನ್, ಇನ್ ಎಂದು ನಾವು ಪ್ರತಿ ಹಾರಾಟಕ್ಕೂ ಬರೆಯುತ್ತಿದ್ದ ನಾಲ್ಕು ಅಂಕೆಗಳು. ಅವು ಸಿಕ್ಕರೆ ನಿಮ್ಮ ಪ್ರಶ್ನೆಗೆ ನಿಮ್ಮದೇ ಉತ್ತರ ಸಿಗುತ್ತದೆ.


ಸಿಂಗಪುರದ ಮಗಳು

ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಮನೆಯಲ್ಲಿ ಭೂಗೋಳ ಇರಲಿಲ್ಲ, ಒಂದು ಚೆಂಡಿನ ಮೇಲೆ ಪೆನ್ನಿನಿಂದ ಎರಡು ಚುಕ್ಕೆ ಇಟ್ಟು ದಾರ ಎಳೆದು ತೋರಿಸಿದೆ. ಅಪ್ಪ ಚೆಂಡನ್ನು ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿದರು.

ಎರಡು ಸಂದೇಹ ಉಳಿದಿವೆ. ಬರುವಾಗ ಈ ಗಾಳಿ ಎದುರಿಗೆ ಬರುವುದಿಲ್ಲವೇ? ಹಾಗಿದ್ದರೂ ಹೋಗುವುದಕ್ಕೂ ಬರುವುದಕ್ಕೂ ಐದೇ ನಿಮಿಷ ವ್ಯತ್ಯಾಸ ಏಕೆ? ಇನ್ನೊಂದು ಮಾತ್ರೆಯದೇ. 18:45 ಎಂದು ಈಗ ಗೊತ್ತಾಯಿತು, ಆದರೆ ಅಪ್ಪನ ಗಡಿಯಾರವನ್ನು ಎಲ್ಲಿ, ಎಷ್ಟು ತಿರುಗಿಸಲಿ? ತಿರುಗಿಸಿದ ಮೇಲೆ ಅವರಿಗೆ ಮಾತ್ರೆಯ ಹೊತ್ತು ಹೇಗೆ ತಿಳಿಯಬೇಕು?


ನಡುರಾತ್ರಿ ಪಯಣ

ಮಾತ್ರೆಯ ವಿಷಯಕ್ಕೆ ಮೊದಲು ಒಂದು ಎಚ್ಚರಿಕೆ. ನಿಮ್ಮ ವಿಮಾನ ಜೂನ್ 10ರ 00:10ಕ್ಕೆ. ಅಂದರೆ ನೀವು ಮನೆ ಬಿಡಬೇಕಾದದ್ದು ಜೂನ್ 9ರ ಸಂಜೆ. ದಯವಿಟ್ಟು ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿ. ನಾನು ಮತ್ತು ನನ್ನ ಅತ್ತೆ ಹೀಗೆಯೇ 00:35ರ ಟಿಕೆಟ್ ಹಿಡಿದು, ಆ ತಾರೀಖಿನ ರಾತ್ರಿ ಎಂದುಕೊಂಡು, ಒಂದು ದಿನ ತಡವಾಗಿ ನಿಲ್ದಾಣಕ್ಕೆ ಹೋದೆವು. ಕೌಂಟರ್‌ನ ಹುಡುಗಿ ಟಿಕೆಟ್ ನೋಡಿ, ನಮ್ಮ ಮುಖ ನೋಡಿ, ಮೆಲ್ಲಗೆ "ಇದು ನಿನ್ನೆ ಹೋಯಿತಮ್ಮ" ಎಂದಳು. ಅತ್ತೆ ಅಲ್ಲಿಯೇ ಸೂಟ್‌ಕೇಸಿನ ಮೇಲೆ ಕೂತುಬಿಟ್ಟರು. ಆ ನೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅತ್ತೆಗೂ ಎರಡು ಹೊತ್ತಿನ ಮಾತ್ರೆ ಇತ್ತು. ನಾನು ಕಲಿತದ್ದು ಇಷ್ಟು. ಬೆಳಿಗ್ಗೆ, ರಾತ್ರಿ ಎಂದು ಬರೆದ ಡಬ್ಬಿಯನ್ನು ಪ್ರಯಾಣಕ್ಕೆ ಬಳಸಬೇಡಿ. ವಿಮಾನದಲ್ಲಿ ಬೆಳಿಗ್ಗೆ ಯಾವುದು ರಾತ್ರಿ ಯಾವುದು ಎಂಬುದೇ ಕಲಸಿ ಹೋಗುತ್ತದೆ. ಸಣ್ಣ ಚೀಟಿಗಳಲ್ಲಿ 1, 2, 3, 4 ಎಂದು ಬರೆದು ಒಂದೊಂದು ಮಾತ್ರೆಗೆ ಕಟ್ಟಿ. ಯಾವುದು ಮುಗಿಯಿತು, ಯಾವುದು ಬಾಕಿ ಎಂಬುದು ಕಣ್ಣಿಗೆ ಕಾಣುತ್ತದೆ. ಉಳಿದ ಮಾತ್ರೆಗಳು ಅಂಗಡಿಯ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯ ಜೊತೆ, ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟರೆ ಹದಿನೆಂಟು ಗಂಟೆ ಅದು ನಿಮ್ಮ ಕೈಗೆ ಸಿಗುವುದಿಲ್ಲ.


ಹಳೆಯ ಡಿಸ್ಪ್ಯಾಚರ್

ಚೆಂಡಿನ ಮೇಲೆ ದಾರ ಎಳೆದದ್ದು ಓದಿ ಮನಸ್ಸು ತುಂಬಿತು.

ಬರುವ ದಾರಿಯ ಉತ್ತರ ನಿಮಗೆ ಇಷ್ಟವಾಗಬಹುದು. ನ್ಯೂಯಾರ್ಕ್‌ನಿಂದ ಹೊರಟ ವಿಮಾನ ಬಂದ ದಾರಿಯಲ್ಲಿ ವಾಪಸು ಹೋಗಬೇಕೆಂದಿಲ್ಲ. ಎಷ್ಟೋ ದಿನ ಅದು ಮತ್ತೆ ಪೂರ್ವಕ್ಕೇ ಹೊರಡುತ್ತದೆ: ಅಟ್ಲಾಂಟಿಕ್ ದಾಟಿ, ಯುರೋಪಿನ ಮೇಲೆ ಹಾದು, ಏಷ್ಯಾದ ದಕ್ಷಿಣ ಭಾಗದಿಂದ ಸಿಂಗಪುರಕ್ಕೆ ಇಳಿಯುತ್ತದೆ. ಎರಡು ಊರುಗಳು ಎದುರುಬದುರು ಇರುವುದರಿಂದ ಎರಡು ಬದಿಯ ದಾರಿಗಳೂ ಹೆಚ್ಚುಕಡಿಮೆ ಸಮ. ಹೋಗುವಾಗಲೂ ಬೆನ್ನುಗಾಳಿ, ಬರುವಾಗಲೂ ಬೆನ್ನುಗಾಳಿ. ಹಾಗೆ ಹೋಗಿ ಬಂದವರು ತಮಗೆ ಅರಿವಿಲ್ಲದೆಯೇ ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿರುತ್ತಾರೆ. ಇಂಥ ಜೋಡಿ ಊರುಗಳು ಜಗತ್ತಿನಲ್ಲಿ ಬಹಳ ಇಲ್ಲ. ಅದಕ್ಕೇ ಆ ಐದು ನಿಮಿಷ.

ಈ ದಾರಿಗೆ ಇತಿಹಾಸವೂ ಇದೆ. ಸಿಂಗಪುರ ಏರ್‌ಲೈನ್ಸ್ 2004ರಲ್ಲಿ ನ್ಯೂಯಾರ್ಕ್‌ ಪಕ್ಕದ ನ್ಯೂವಾರ್ಕ್‌ಗೆ ಏರ್‌ಬಸ್ ಎ340-500 ವಿಮಾನದಲ್ಲಿ ನೇರ ಹಾರಾಟ ಶುರುಮಾಡಿತು. ನಾಲ್ಕು ಎಂಜಿನ್‌ಗಳ ಆ ವಿಮಾನ ಇಂಧನವನ್ನು ವಿಪರೀತ ಕುಡಿಯುತ್ತಿತ್ತು, 2013ರಲ್ಲಿ ನಿಂತಿತು. 2018ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾದದ್ದು ಎರಡೇ ಎಂಜಿನ್‌ಗಳ, ಅತಿ ದೂರ ಹಾರಲೆಂದೇ ಮಾಡಿದ ಎ350-900 ಯುಎಲ್ಆರ್‌ನಿಂದ. 2020ರ ನವೆಂಬರ್‌ನಲ್ಲಿ ಕೆನಡಿ ನಿಲ್ದಾಣಕ್ಕೂ ನೇರ ಹಾರಾಟ ಬಂತು. ಯುಎಲ್ಆರ್ ವಿಮಾನ 1,65,000 ಲೀಟರ್ ಇಂಧನ ಹೊರುತ್ತದೆ, ಆಗಿನ ಸಾಮಾನ್ಯ ಎ350ಕ್ಕಿಂತ 24,000 ಲೀಟರ್ ಹೆಚ್ಚು. ಆ ಭಾರಕ್ಕಾಗಿಯೇ ಒಳಗೆ ಆಸನಗಳು ಕೇವಲ 161. ದೂರ ಹೋಗಲು ಇಂಧನ ಬೇಕು, ಆ ಇಂಧನ ಹೊರಲು ಮತ್ತಷ್ಟು ಇಂಧನ ಬೇಕು. ಈ ಹಗ್ಗಜಗ್ಗಾಟದ ಲೆಕ್ಕ ಹಾಕುವುದರಲ್ಲಿಯೇ ನನ್ನ ತಲೆ ನೆರೆಯಿತು.

ಈಗ ಗಡಿಯಾರ. ನೀವು ಪ್ರಶ್ನೆಯಲ್ಲಿ ಬರೆದ ಒಂದು ವಿವರ ನನ್ನನ್ನು ಎರಡು ದಿನದಿಂದ ಕಾಡುತ್ತಿತ್ತು: ಅಪ್ಪ ಕಟ್ಟುವುದು ಮುಳ್ಳಿನ ಗಡಿಯಾರ. ಜೂನ್‌ನಲ್ಲಿ ಎರಡು ಊರುಗಳ ಅಂತರ ಸರಿಯಾಗಿ ಹನ್ನೆರಡು ಗಂಟೆ. ಮುಳ್ಳಿನ ಗಡಿಯಾರಕ್ಕೆ ಬೆಳಿಗ್ಗೆ ಎಂಟೂ ರಾತ್ರಿ ಎಂಟೂ ಒಂದೇ. ಸಿಂಗಪುರದಲ್ಲಿ ರಾತ್ರಿ ಎಂಟಾದಾಗ ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಎಂಟು. ಅಪ್ಪ ಗಡಿಯಾರವನ್ನು ತಿರುಗಿಸುವುದೇ ಬೇಡ. ಮುಳ್ಳು ಎಂಟಕ್ಕೆ ಬಂದಾಗಲೆಲ್ಲ ಒಂದು ಮಾತ್ರೆ. ಸಿಂಗಪುರದಲ್ಲಿಯೂ ಅಷ್ಟೇ, ಆಕಾಶದಲ್ಲಿಯೂ ಅಷ್ಟೇ, ನ್ಯೂಯಾರ್ಕ್‌ನಲ್ಲಿಯೂ ಅಷ್ಟೇ.

ಜೂನ್ 9ರ ರಾತ್ರಿ ಎಂಟಕ್ಕೆ ಹೊರಡುವ ಮುನ್ನ ಒಂದು. ಹೊರಟ ಏಳು ಗಂಟೆ ಐವತ್ತು ನಿಮಿಷಕ್ಕೆ ಮುಳ್ಳು ಮತ್ತೆ ಎಂಟಕ್ಕೆ ಬರುತ್ತದೆ, ಆಗ ಎರಡನೆಯದು. ಇಳಿದು ಒಂದು ಗಂಟೆ ಐದು ನಿಮಿಷ ಕಳೆದಾಗ ಮೂರನೆಯದು. ಆ ಹೊತ್ತಿಗೆ ನೀವು ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ಇರಬಹುದು, ಆದ್ದರಿಂದ ಮೂರನೇ ಚೀಟಿಯ ಮಾತ್ರೆ ಜೇಬಿನಲ್ಲಿರಲಿ. ಈ ಕ್ರಮವನ್ನು ವೈದ್ಯರಿಗೆ ಒಮ್ಮೆ ತೋರಿಸಿಬಿಡಿ.


ಲೆಕ್ಕದ ಮೇಷ್ಟ್ರು

ತಿದ್ದಿದ್ದಕ್ಕೆ ಧನ್ಯವಾದ. ಬೇಸಿಗೆ ಸಮಯ ನನ್ನ ಗಮನಕ್ಕೆ ಬಂದಿರಲಿಲ್ಲ. ಮುಳ್ಳಿನ ಗಡಿಯಾರದ ವಿಷಯ ಓದಿ ಎದ್ದು ನಿಂತೆ, ಇಷ್ಟು ವರ್ಷ ಹನ್ನೆರಡರ ಶೇಷಗಣಿತ (ಹನ್ನೆರಡು ಮುಟ್ಟಿದರೆ ಮತ್ತೆ ಮೊದಲಿಂದ ಎಣಿಸುವ ಲೆಕ್ಕ) ಹೇಳಿಕೊಟ್ಟವನು ನಾನು.


ಸಿಂಗಪುರದ ಮಗಳು

ನಿನ್ನೆ ತಲುಪಿದೆವು. ಅಪ್ಪ ಮಲಗಿದ್ದಾರೆ, ನನಗೆ ನಿದ್ದೆ ಇಲ್ಲ, ಮೊದಲು ಇಲ್ಲಿ ಬರೆಯಬೇಕೆನಿಸಿತು.

ನಾಲ್ಕು ಸಮಯಗಳು: ಜಾಗ ಬಿಟ್ಟದ್ದು ಸಿಂಗಪುರದ 00:24, ನೆಲ ಬಿಟ್ಟದ್ದು 00:41, ನೆಲ ಮುಟ್ಟಿದ್ದು ನ್ಯೂಯಾರ್ಕ್‌ನ 06:22, ನಿಂತದ್ದು 06:40. ಯುಟಿಸಿಗೆ ತಂದು ನಾನೇ ಲೆಕ್ಕ ಹಾಕಿದೆ. ಆಕಾಶದಲ್ಲಿ ಇದ್ದದ್ದು 17 ಗಂಟೆ 41 ನಿಮಿಷ, ಒಟ್ಟು 18 ಗಂಟೆ 16 ನಿಮಿಷ. ಹದಿನಾಲ್ಕು ನಿಮಿಷ ತಡವಾಗಿ ಹೊರಟು ಹದಿನೈದು ನಿಮಿಷ ಮೊದಲೇ ಮುಟ್ಟಿದೆವು.

ಮುಂದಿನ ಪರದೆಯ ನಕ್ಷೆಯಲ್ಲಿ ದಾರಿ ನೀವು ಹೇಳಿದ ಹಾಗೆಯೇ ಇತ್ತು. ನಾಲ್ಕು ಗಂಟೆ ಕಳೆದ ಮೇಲೆ ಜಪಾನಿನ ದಕ್ಷಿಣದ ದ್ವೀಪಗಳ ಹತ್ತಿರ ಸೂರ್ಯ ಹುಟ್ಟಿದ. ಅಪ್ಪ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಎತ್ತಿ ನೋಡಿದರು. ಮುಳ್ಳು ಎಂಟಕ್ಕೆ ಬಂದಾಗ ಕೆಳಗೆ ಬರಿಯ ಸಮುದ್ರ, ತಾರೀಖು ರೇಖೆ ಇನ್ನೂ ಮುಂದಿತ್ತು. ಎರಡನೇ ಚೀಟಿ ಬಿಚ್ಚಿದೆವು. ಹದಿಮೂರನೆಯ ಗಂಟೆಯ ಸುಮಾರಿಗೆ ಕೆನಡಾದ ಅಂಚಿನಲ್ಲಿ ಹೊತ್ತು ಮುಳುಗಿತು. ನಿದ್ದೆ ಹತ್ತುವಷ್ಟರಲ್ಲಿ, ಇನ್ನೊಂದು ನಾಲ್ಕು ಗಂಟೆಗೆ, ಮತ್ತೆ ಬೆಳಕು. ಅಪ್ಪ ನನ್ನ ಕೈ ತಟ್ಟಿ "ಇವತ್ತು ಯಾವ ತಾರೀಖು?" ಎಂದು ಕೇಳಿದರು. ಹತ್ತು ಎಂದೆ. "ಜಪಾನಿನ ಹತ್ತಿರ ಹುಟ್ಟಿದ್ದು?" ಅದೂ ಹತ್ತರದ್ದೇ ಅಪ್ಪ ಎಂದೆ. ಒಂದೇ ತಾರೀಖಿನ ಸೂರ್ಯೋದಯವನ್ನು ಎರಡು ಸಲ ನೋಡಿದ ಅವರ ಮುಖ ನೀವು ನೋಡಬೇಕಿತ್ತು.

ಮೂರನೇ ಮಾತ್ರೆ ನೀವು ಹೇಳಿದಂತೆ ತಪಾಸಣೆಯ ಸಾಲಿನಲ್ಲಿಯೇ. ನನ್ನ ಮೊಬೈಲ್ ತಾನಾಗಿ ಸಮಯ ಬದಲಿಸಿಕೊಂಡು ಎಂಟು ತೋರಿಸುತ್ತಿತ್ತು. ಅಪ್ಪ ತೋಳು ಚಾಚಿ ಗಡಿಯಾರವನ್ನು ಮೊಬೈಲ್ ಪಕ್ಕಕ್ಕೆ ಹಿಡಿದರು. ಅಲ್ಲಿಯೂ ಎಂಟು. ಚಾಂಗಿಯಲ್ಲಿ ಕೀಲಿ ಕೊಟ್ಟದ್ದು, ಹಾಗೆಯೇ ಓಡುತ್ತಿತ್ತು.

ನವೆಂಬರ್‌ನಲ್ಲಿ ಹದಿಮೂರು ಗಂಟೆ ಎಂದಿರಿ. ಆಗ ಹೇಗೆ?


ಹಳೆಯ ಡಿಸ್ಪ್ಯಾಚರ್

ನಾಲ್ಕು ಅಂಕೆಗಳನ್ನು ನನ್ನ ಹಳೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ನವೆಂಬರ್ ಮೊದಲ ಭಾನುವಾರ ನಸುಕಿನಲ್ಲಿ ಅಲ್ಲಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಅಪ್ಪನದನ್ನು ಮುಟ್ಟಬೇಡಿ. ಗೋಡೆಯ ಗಡಿಯಾರ ಏಳು ತೋರಿಸುವಾಗ ಅಪ್ಪನದು ಎಂಟು ತೋರಿಸುತ್ತದೆ, ಮಾತ್ರೆ ಆಗಲೇ. 14ರ ಬೆಳಿಗ್ಗೆ ಚಾಂಗಿಯಲ್ಲಿ ಇಳಿದಾಗ ಅದು ಮತ್ತೆ ಗೋಡೆಯ ಗಡಿಯಾರಕ್ಕೆ ಕೂಡಿಕೊಳ್ಳುತ್ತದೆ. ಬರುವಾಗಿನ ನಾಲ್ಕು ಅಂಕೆಗಳಿಗೆ ಕಾಯುತ್ತಿರುತ್ತೇನೆ.